ಹಳೆ ಹಾರ್ಡ್ ಡಿಸ್ಕನ್ನು ಡಾಕಿಂಗ್ ಸ್ಟೇಷನ್ ಮೂಲಕ ಹೊಸ ಕಂಪ್ಯೂಟರಿಗೆ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಫೋಟೋ ಸ್ಟುಡಿಯೋ, ರಾಯಚೂರಿನ ಅಡತಿ ಅಂಗಡಿ, ಗಂಗಾವತಿಯ ರೈಸ್ ಮಿಲ್ಲು, ಕೊಪ್ಪಳದ ಪ್ರಿಂಟಿಂಗ್ ಪ್ರೆಸ್ಸು, ಎಲ್ಲಿ ನೋಡಿದರೂ ಮೂಲೆಯಲ್ಲಿ ಒಂದು ಹಳೆ ಸಿಸ್ಟಮ್ ಇದ್ದೇ ಇರುತ್ತದೆ. ಸಿಸ್ಟಮ್ ಸತ್ತಿರುತ್ತದೆ, ಅದರ ಹಾರ್ಡ್ ಡಿಸ್ಕು ಬದುಕಿರುತ್ತದೆ. ಆ ಡಿಸ್ಕಿನಿಂದ ಫೈಲು ತೆಗೆಯಬೇಕಾದವರಿಗೆ ಈ ಪುಟ. ಡಾಕಿಂಗ್ ಸ್ಟೇಷನ್, ಚಿಕ್ಕದಾಗಿ ಡಾಕ್, ಅಂದರೆ ಬಿಚ್ಚಿದ ಡಿಸ್ಕನ್ನು ನಿಲ್ಲಿಸಿ ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸುವ ಪೀಠ.

ಒಂದು ಮಾತು ಮೊದಲೇ ಹೇಳಬೇಕು. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಡಿಸ್ಕು ಇವತ್ತು ತಿರುಗಿತು ಅಂದ ಮಾತ್ರಕ್ಕೆ ನಾಳೆಯೂ ತಿರುಗುತ್ತದೆ ಅನ್ನುವ ಹಾಗಿಲ್ಲ. "ಸುಮ್ಮನೆ ಒಮ್ಮೆ ಹಾಕಿ ನೋಡೋಣ" ಅಂತ ಜೋಡಿಸಬೇಡಿ. ಕಾಪಿ ಮಾಡಲು ಜಾಗ, ಕರೆಂಟು, ಸಮಯ ಮೂರೂ ಕೈಯಲ್ಲಿದ್ದಾಗಲೇ ಮೊದಲ ಸಲ ಜೋಡಿಸಿ.

ನನ್ನ ಹತ್ತಿರ ಇರುವುದು ಐಡಿಇ ಡಿಸ್ಕೋ, ಸಾಟಾ ಡಿಸ್ಕೋ? ಗೊತ್ತಾಗುವುದು ಹೇಗೆ?

ಐಡಿಇ, ಸಾಟಾ ಅಂದರೆ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ಬಗೆ, ಐಡಿಇ ಹಳೆಯದು, ಸಾಟಾ ಆಮೇಲಿನದು. ಕನೆಕ್ಟರ್ ನೋಡಿದರೆ ಸಾಕು. ಎರಡು ಸಾಲಿನಲ್ಲಿ ಸೂಜಿಯಂಥ ಪಿನ್ನುಗಳಿದ್ದರೆ ಐಡಿಇ. ಡೆಸ್ಕ್‌ಟಾಪಿನ 3.5 ಇಂಚಿನ ಐಡಿಇ ಡಿಸ್ಕಿಗೆ 40 ಪಿನ್ನಿನ ಕನೆಕ್ಟರ್ ಇರುತ್ತದೆ. ಎಣಿಸಿದರೆ 39 ಸಿಗಬಹುದು. ನಡುವಿನ ಒಂದು ಪಿನ್ನನ್ನು ಬೇಕೆಂದೇ ಬಿಟ್ಟಿರುತ್ತಾರೆ, ಕೇಬಲ್ ಉಲ್ಟಾ ಕೂರದಿರಲಿ ಅಂತ. ಅದರ ಪಕ್ಕದಲ್ಲಿ ಪವರಿಗೆ ನಾಲ್ಕು ದಪ್ಪ ಪಿನ್ನುಗಳ ಮೋಲೆಕ್ಸ್ ಇರುತ್ತದೆ. ಲ್ಯಾಪ್‌ಟಾಪಿನ 2.5 ಇಂಚಿನ ಐಡಿಇಗೆ 44 ಪಿನ್ನು, ಎಲ್ಲ ಸಣ್ಣವು, ಪವರ್ ಕೂಡ ಅದರಲ್ಲೇ ಬರುತ್ತದೆ.

ಸಾಟಾದಲ್ಲಿ ಸೂಜಿ ಪಿನ್ನು ಇಲ್ಲ. ಎಲ್ ಆಕಾರದ ಎರಡು ಚಪ್ಪಟೆ ಪ್ಲಾಸ್ಟಿಕ್ ನಾಲಿಗೆಗಳಿರುತ್ತವೆ: ಚಿಕ್ಕದರಲ್ಲಿ ಡೇಟಾಗೆ 7 ಪಟ್ಟಿ, ದೊಡ್ಡದರಲ್ಲಿ ಪವರಿಗೆ 15 ಪಟ್ಟಿ.

ಸಾಟಾ ಮಾರುಕಟ್ಟೆಗೆ ಬಂದದ್ದು 2003ರಲ್ಲಿ. ಆಮೇಲೂ ಕೆಲವು ವರ್ಷ ಎರಡೂ ಒಟ್ಟಿಗೇ ಮಾರಾಟವಾದವು. ಹಾಗಾಗಿ ಸಿಸ್ಟಮ್ ಕೊಂಡ ವರ್ಷ ನೆನಪಿಸಿಕೊಂಡು ಡಾಕ್ ಆರ್ಡರ್ ಮಾಡಬೇಡಿ, ಡಿಸ್ಕು ಬಿಚ್ಚಿ ನೋಡಿ. ಆರಂಭದ ಕೆಲವು ಸಾಟಾ ಡಿಸ್ಕುಗಳಲ್ಲಿ ಸಾಟಾ ಪವರ್ ಜೊತೆಗೆ ಹಳೆ ಮೋಲೆಕ್ಸ್ ಕೂಡ ಇರುತ್ತದೆ. ಎರಡರಲ್ಲಿ ಒಂದಕ್ಕೆ ಮಾತ್ರ ಕರೆಂಟು ಕೊಡಬೇಕು.

ಯಾವ ಡಾಕ್ ಕೊಳ್ಳಬೇಕು?

ಸಾಟಾ ಡಿಸ್ಕಾದರೆ ಯುಎಸ್‌ಬಿ 3.0 ಇರುವ, ಪ್ರತ್ಯೇಕ ಅಡಾಪ್ಟರ್ ಜೊತೆ ಬರುವ, ಡಿಸ್ಕು ನೆಟ್ಟಗೆ ನಿಲ್ಲುವ ಡಾಕ್ ಸಾಕು. ಪ್ರತ್ಯೇಕ ಅಡಾಪ್ಟರ್ ಯಾಕೆಂದರೆ, 3.5 ಇಂಚಿನ ಡಿಸ್ಕಿಗೆ 5 ವೋಲ್ಟ್ ಜೊತೆ 12 ವೋಲ್ಟೂ ಬೇಕು. ಡಿಸ್ಕಿನೊಳಗೆ ಡೇಟಾ ಇರುವ ತಟ್ಟೆ ತಿರುಗಲು ಶುರುವಾಗುವ ಕೆಲವು ಸೆಕೆಂಡು ಆ 12 ವೋಲ್ಟಿನಲ್ಲೇ ಸುಮಾರು 2 ಆಂಪಿಯರ್ ಎಳೆಯುತ್ತದೆ. ಯುಎಸ್‌ಬಿ 3.0 ಪೋರ್ಟು ಕೊಡುವುದು 5 ವೋಲ್ಟಿನಲ್ಲಿ 0.9 ಆಂಪಿಯರ್ ಮಾತ್ರ. 2.5 ಇಂಚಿನ ಡಿಸ್ಕು 5 ವೋಲ್ಟಿನಲ್ಲೇ ನಡೆಯುತ್ತದೆ, ಅದಕ್ಕೆ ಬರೀ ಕೇಬಲ್ಲಿನ ಕನ್ವರ್ಟರ್ ಸಾಕಾಗುತ್ತದೆ.

ಎರಡು ಸ್ಲಾಟಿನ ಡಾಕ್ ಬೇಕೇ ಅಂದರೆ, ಹಳೆ ಡಿಸ್ಕಿನ ಕೆಲಸಕ್ಕೆ ಬೇಡ. ಅಕ್ಕಪಕ್ಕ ಎರಡು ಡಿಸ್ಕು ತಿರುಗಿದರೆ ಒಂದರ ಬಿಸಿ ಇನ್ನೊಂದಕ್ಕೆ. ಅದರ ಮೇಲಿನ ಕ್ಲೋನ್ ಬಟನ್ನಿನ (ಒಂದು ಡಿಸ್ಕನ್ನು ಇನ್ನೊಂದಕ್ಕೆ ಹಾಗೇ ನಕಲು ಮಾಡುವ ಬಟನ್) ಕಥೆ ಕೆಳಗೆ ಇದೆ.

ತೀರಾ ಹಳೆ ಡಾಕ್ ಯಾರಾದರೂ ಕೊಟ್ಟರೆ 2 ಟಿಬಿಗಿಂತ ದೊಡ್ಡ ಡಿಸ್ಕು ಅದರಲ್ಲಿ ಪೂರ್ತಿ ಕಾಣದಿರಬಹುದು. 80, 160, 500 ಜಿಬಿ ಡಿಸ್ಕುಗಳಿಗೆ ಆ ತೊಂದರೆ ಇಲ್ಲ.

ಐಡಿಇ ಡಿಸ್ಕಿಗೆ ಸಾಮಾನ್ಯ ಡಾಕ್ ಆಗುವುದಿಲ್ಲ. 40 ಪಿನ್ನು, 44 ಪಿನ್ನು, ಸಾಟಾ ಮೂರಕ್ಕೂ ಆಗುವ ಯುಎಸ್‌ಬಿ ಕನ್ವರ್ಟರ್ ಸಿಗುತ್ತದೆ, ಮೋಲೆಕ್ಸ್ ಪವರ್ ಅಡಾಪ್ಟರ್ ಅದರ ಜೊತೆಗೇ ಬರುತ್ತದೆ. ಐಡಿಇಗೂ ಸಾಟಾಗೂ ಎರಡಕ್ಕೂ ಸ್ಲಾಟು ಇರುವ ಡಾಕುಗಳೂ ಇವೆ. ಕೊಳ್ಳುವಾಗ ವಿವರದಲ್ಲಿ ಐಡಿಇ ಅನ್ನುವುದನ್ನು ಓದಿಯೇ ದುಡ್ಡು ಕಟ್ಟಿ. ಚಿತ್ರ ನೋಡಿ ನಂಬಬೇಡಿ.

ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಪೋರ್ಟು ಮಾತ್ರ ಇದೆ.

ಸಿ ಇಂದ ಎ ಕನ್ವರ್ಟರ್ ಹಾಕಿದರೆ ಆಯಿತು. ಯುಎಸ್‌ಬಿ 3ರದ್ದೇ ತೆಗೆದುಕೊಳ್ಳಿ, ಮೊಬೈಲಿಗೆ ಪೆನ್ ಡ್ರೈವ್ ಹಾಕುವ ಅಗ್ಗದ ಒಟಿಜಿ ತುಂಡು ಬಹುತೇಕ ಯುಎಸ್‌ಬಿ 2ರದ್ದಾಗಿರುತ್ತದೆ, ವೇಗ ಬೀಳುತ್ತದೆ.

ಜೋಡಿಸುವ ಮುಂಚೆ ಡಿಸ್ಕಿಗೆ ಏನಾದರೂ ಮಾಡಬೇಕೇ?

ದೂಳು ತೆಗೆಯಬೇಕು. ರೈಸ್ ಮಿಲ್ಲಿನ ಆಫೀಸಿನ ಸಿಸ್ಟಮ್ ಆದರೆ ಹೊಟ್ಟಿನ ಪುಡಿ, ಸಂಡೂರು, ತೋರಣಗಲ್ಲು ಕಡೆಯದಾದರೆ ಕೆಂಪು ಅದಿರಿನ ದೂಳು, ಕನೆಕ್ಟರಿನ ಸಂದಿಯಲ್ಲಿ ಹೂತಿರುತ್ತದೆ. ಮೆತ್ತನೆಯ ಒಣ ಬ್ರಷ್ಷಿನಿಂದ ಕೆಡವಿ. ಪಿನ್ನು ಮಂಕಾಗಿದ್ದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಯ ಕಡ್ಡಿಗೆ ತಾಗಿಸಿ ಒರೆಸಿ ಹತ್ತು ನಿಮಿಷ ಆರಲು ಬಿಡಿ. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ. ಡಿಸ್ಕಿನ ಮೇಲೆ ಒಂದು ಸಣ್ಣ ತೂತು ಇರುತ್ತದೆ, ಪಕ್ಕದಲ್ಲಿ "ಮುಚ್ಚಬೇಡಿ" ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅದು ಗಾಳಿಯಾಡುವ ದಾರಿ. ಅದರ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ, ದ್ರವ ತಾಗಿಸಬೇಡಿ. ಮುಚ್ಚಳದ ಸ್ಕ್ರೂಗೆ ಕೈ ಹಾಕಲೇಬೇಡಿ.

ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಮಾಡೆಲ್ ನಂಬರು, ಜಿಬಿ, ಜಂಪರ್ ಚಿತ್ರ ಎಲ್ಲ ಅದರಲ್ಲೇ ಇರುತ್ತದೆ, ಡಾಕಿಗೆ ಇಳಿಸಿದ ಮೇಲೆ ಕಾಣುವುದಿಲ್ಲ.

ಸಾಟಾ ಡಿಸ್ಕನ್ನು ಡಾಕಿಗೆ ಹಾಕುವ ಸರಿಯಾದ ಕ್ರಮ ಯಾವುದು?

ಡಾಕನ್ನು ಅಲುಗಾಡದ ಮೇಜಿನ ಮೇಲೆ, ಗೋಡೆ ಕಡೆಗೆ ಇಡಿ. ಕೇಬಲ್ ಯಾರ ಕಾಲಿಗೂ ಸಿಗಬಾರದು. ತಿರುಗುತ್ತಿರುವ ಡಿಸ್ಕು ಡಾಕ್ ಸಮೇತ ಉರುಳಿದರೆ ಡೇಟಾ ಓದುವ ಹೆಡ್ಡು ತಟ್ಟೆಗೆ ತಗುಲುತ್ತದೆ, ಅಲ್ಲಿಗೆ ಕಥೆ ಮುಗಿಯಿತು.

ಮೊದಲು ಡಾಕಿನ ಸ್ವಿಚ್ಚು ಆಫ್ ಇರಲಿ. ಡಿಸ್ಕಿನ ಕನೆಕ್ಟರ್ ಕೆಳಗೆ ಬರುವಂತೆ ಹಿಡಿದು, ಸ್ಲಾಟಿನೊಳಗಿನ ಉದ್ದ ನಾಲಿಗೆ ಯಾವ ಕಡೆ ಇದೆ ನೋಡಿ, ಅದಕ್ಕೆ ಹೊಂದಿಸಿ ನೇರವಾಗಿ ಇಳಿಸಿ. ಕೂತಾಗ ಕೈಗೆ ಗೊತ್ತಾಗುತ್ತದೆ. ಓರೆಯಾಗಿ ಒತ್ತಿದರೆ ಡಿಸ್ಕಿನ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. ಸಾಟಾ ಡಿಸ್ಕಿಗೆ ಮನುಷ್ಯರ ಕೈಯಿಂದ ಆಗುವ ಹಾನಿಯಲ್ಲಿ ಇದು ಸಾಮಾನ್ಯ. 2.5 ಇಂಚಿನ ಡಿಸ್ಕಿಗೆ ದೊಡ್ಡ ಸ್ಲಾಟಿನಲ್ಲಿ ಆಧಾರ ಕಡಿಮೆ, ಅದು ಸಡಿಲವಾಗಿ ವಾಲುತ್ತದೆ. ಕೈ ತಾಗದಂತೆ ನೋಡಿಕೊಳ್ಳಿ.

ಈಗ ಅಡಾಪ್ಟರ್, ಆಮೇಲೆ ಯುಎಸ್‌ಬಿ ಕೇಬಲ್, ಕೊನೆಗೆ ಸ್ವಿಚ್ಚು. ಕಿವಿ ಕೊಟ್ಟು ಕೇಳಿ: ಮೆಲ್ಲಗೆ ಏರುವ ಗುಂಯ್ ಸದ್ದು, ಒಂದೆರಡು ಕಿರಿ ಕಿರಿ, ಮತ್ತೆ ಒಂದೇ ಸಮನೆ ಮೆದು ಸದ್ದು. ಇದು ಆರೋಗ್ಯದ ಲಕ್ಷಣ. 10ರಿಂದ 20 ಸೆಕೆಂಡಿನಲ್ಲಿ ಕಂಪ್ಯೂಟರಿನಲ್ಲಿ ಹೊಸ ಡ್ರೈವ್ ಕಾಣಬೇಕು.

ಐಡಿಇ ಡಿಸ್ಕು ಜೋಡಿಸಿದೆ, ತಿರುಗುತ್ತದೆ, ಆದರೆ ಕಾಣುತ್ತಿಲ್ಲ.

ಹತ್ತಕ್ಕೆ ಎಂಟು ಸಲ ಜಂಪರ್. ಡೇಟಾ ಮತ್ತು ಪವರ್ ಕನೆಕ್ಟರಿನ ನಡುವೆ ನಾಲ್ಕೈದು ಜೋಡಿ ಪಿನ್ನುಗಳಿರುತ್ತವೆ, ಒಂದರ ಮೇಲೆ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆ. ಆ ಟೊಪ್ಪಿಗೆಯೇ ಜಂಪರ್. ಒಂದೇ ಕೇಬಲ್ಲಿನ ಎರಡು ಐಡಿಇ ಡಿಸ್ಕಿನಲ್ಲಿ ಮೊದಲನೆಯದು ಮಾಸ್ಟರ್, ಎರಡನೆಯದು ಸ್ಲೇವ್ ಅಂತ ಅದು ಹೇಳುತ್ತದೆ. ಲೇಬಲ್ಲಿನ ಚಿತ್ರ ನೋಡಿ ಅದನ್ನು ಮಾಸ್ಟರ್ ಜಾಗಕ್ಕೆ ಹಾಕಿ. ಸ್ಲೇವ್ ಅಥವಾ ಕೇಬಲ್ ಸೆಲೆಕ್ಟಿನಲ್ಲಿದ್ದರೆ ಬಹಳಷ್ಟು ಕನ್ವರ್ಟರುಗಳು ಗುರುತಿಸುವುದಿಲ್ಲ. ವೆಸ್ಟರ್ನ್ ಡಿಜಿಟಲ್ ಡಿಸ್ಕು ಇದಕ್ಕೆ ಅಪವಾದ: ಅದರಲ್ಲಿ ಒಂಟಿ ಡಿಸ್ಕಿಗೆ "ಸಿಂಗಲ್" ಅಂತ ಬೇರೆ ಸೆಟ್ಟಿಂಗ್ ಇದೆ, ಅಂದರೆ ಜಂಪರ್ ಪೂರ್ತಿ ತೆಗೆದುಬಿಡುವುದು. ಮಾಸ್ಟರಿನಲ್ಲಿಟ್ಟರೆ ಅದು ಇಲ್ಲದ ಸ್ಲೇವಿಗಾಗಿ ಕಾಯುತ್ತ ಕೂರಬಹುದು.

80 ಜಿಬಿ ಡಿಸ್ಕು 32 ಜಿಬಿ ಅಂತ ತೋರಿಸಿದರೂ ಜಂಪರಿನದೇ ಕೆಲಸ. ಹಳೆ ಮದರ್‌ಬೋರ್ಡುಗಳು ದೊಡ್ಡ ಡಿಸ್ಕಿಗೆ ತಡವರಿಸುತ್ತಿದ್ದವು, ಅವಕ್ಕಾಗಿ ಕೆಪ್ಯಾಸಿಟಿ ತಗ್ಗಿಸುವ ಜಂಪರ್ ಕೊಡುತ್ತಿದ್ದರು. ತೆಗೆದರೆ ಪೂರ್ತಿ ಜಾಗ ಬರುತ್ತದೆ.

ಮೋಲೆಕ್ಸ್ ಕನೆಕ್ಟರಿನ ಎರಡು ಮೂಲೆ ಕತ್ತರಿಸಿದಂತಿರುತ್ತವೆ, ದಿಕ್ಕು ತಿಳಿಯಲಿ ಅಂತ. ಅಗ್ಗದ ಅಡಾಪ್ಟರಿನ ಮೆದು ಪ್ಲಾಸ್ಟಿಕ್ಕನ್ನು ಬಲವಂತ ಮಾಡಿದರೆ ಉಲ್ಟಾ ಕೂಡ ಕೂತುಬಿಡುತ್ತದೆ. ಆಗ 5 ವೋಲ್ಟಿನ ಜಾಗಕ್ಕೆ 12 ವೋಲ್ಟ್ ಹೋಗಿ ಬೋರ್ಡು ಸುಡುತ್ತದೆ. ಹಳದಿ ತಂತಿ 12, ಕೆಂಪು 5, ನಡುವಿನ ಎರಡು ಕಪ್ಪು.

ಲ್ಯಾಪ್‌ಟಾಪಿನ 44 ಪಿನ್ನಿನಲ್ಲಿ ಇನ್ನೊಂದು ಅಪಾಯ. ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಜಂಪರಿನ 4 ಪಿನ್ನುಗಳಿರುತ್ತವೆ. ಕನ್ವರ್ಟರನ್ನು ಒಂದು ಜೋಡಿ ಆಚೆ ಸರಿಸಿ ಚುಚ್ಚಿದರೆ ಪವರ್ ತಪ್ಪು ಪಿನ್ನಿಗೆ ಹೋಗುತ್ತದೆ. ಟಾರ್ಚ್ ಹಾಕಿ ನೋಡಿ, ಆ ನಾಲ್ಕು ಪಿನ್ನು ಹೊರಗೇ ಉಳಿಯಬೇಕು.

ಡಾಕಿನ ಅಡಾಪ್ಟರ್ ಕಳೆದುಹೋಗಿದೆ. ರೂಟರಿನದು, ಸಿಸಿಟಿವಿಯದು ಹಾಕಬಹುದೇ?

ಪಿನ್ನು ಕೂರುತ್ತದೆ ಅನ್ನುವುದೇ ಇಲ್ಲಿ ತೊಂದರೆ. ರೂಟರು, ಸಿಸಿಟಿವಿ, ಸೆಟ್‌ಟಾಪ್ ಬಾಕ್ಸು, ಡಾಕು, ಎಲ್ಲದಕ್ಕೂ ಒಂದೇ ಅಳತೆಯ ದುಂಡು ಪಿನ್ನು ಇರಬಹುದು. ವೋಲ್ಟೇಜು ಬೇರೆ ಬೇರೆ. ಮೂರು ನೋಡಬೇಕು: ಡಾಕಿನ ಕೆಳಗೆ ಬರೆದ ವೋಲ್ಟೇಜೇ ಇರಬೇಕು, ಸಾಮಾನ್ಯವಾಗಿ 12. ಆಂಪಿಯರ್ ಡಾಕು ಕೇಳಿದಷ್ಟು ಅಥವಾ ಅದಕ್ಕಿಂತ ಹೆಚ್ಚು. ಪಿನ್ನಿನ ನಡುವೆ ಪಾಸಿಟಿವ್ ಅಂತ ಎರಡರ ಚಿತ್ರವೂ ಹೊಂದಬೇಕು. ರೂಟರಿನ 12 ವೋಲ್ಟ್ 1 ಆಂಪಿಯರ್ ಹಾಕಿದರೆ ಡಿಸ್ಕು ತಿರುಗಲು ಹೋಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಆ ಸದ್ದು ಕೇಳಿ ಡಿಸ್ಕೇ ಹೋಯಿತು ಅಂದುಕೊಂಡವರು ಬಹಳ. ಲ್ಯಾಪ್‌ಟಾಪಿನ 19 ವೋಲ್ಟಿನ ಚಾರ್ಜರ್ ಹಾಕಿದರೆ ನಿಜವಾಗಿಯೂ ಹೋಗುತ್ತದೆ.

ನಡುವೆ ಕರೆಂಟು ಹೋದರೆ?

ನಮ್ಮ ಕಡೆ ಇದು "ಹೋದರೆ" ಅಲ್ಲ, "ಹೋದಾಗ". ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ, ಹಾಗಾಗಿ ಎಲ್ಲ ಸರಿಯಿದೆ ಅನ್ನಿಸುತ್ತದೆ. ಡಾಕು ಮಾತ್ರ ಗೋಡೆಯ ಕರೆಂಟಿನ ಜೊತೆಗೇ ಸತ್ತಿರುತ್ತದೆ. ಹಳೆ ಡಿಸ್ಕಿನಿಂದ ಬರೀ ಓದುತ್ತಿದ್ದರೆ ಫೈಲು ಕೆಡುವ ಸಾಧ್ಯತೆ ಕಡಿಮೆ, ಆದರೆ ಪ್ರತಿ ಸಲ ದಿಢೀರ್ ನಿಂತು ಮತ್ತೆ ತಿರುಗುವುದೇ ವಯಸ್ಸಾದ ಮೋಟಾರಿಗೂ ಹೆಡ್ಡಿಗೂ ಹೊಡೆತ.

ಡಾಕಿನ ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿ. ಒಂದು ಡಿಸ್ಕು ಓಡುವಾಗ ಎಳೆಯುವುದು 10 ವ್ಯಾಟಿನ ಆಸುಪಾಸು, 600 ವಿಎ ಯುಪಿಎಸ್ ಧಾರಾಳವಾಯಿತು. ಮನೆಯ ಇನ್ವರ್ಟರ್ ಇದ್ದರೆ ಅದರ ಹಿಂಭಾಗದ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿದೆಯೇ ನೋಡಿ. ನಾರ್ಮಲ್ ಮೋಡಿನಲ್ಲಿ ಬದಲಾಗುವಾಗ ಆಗುವ ಚಿಕ್ಕ ಅಂತರಕ್ಕೇ ಡಿಸ್ಕು ಬಿದ್ದುಹೋಗಬಹುದು. ಯಾವುದೂ ಇಲ್ಲದಿದ್ದರೆ ಜೆಸ್ಕಾಂನವರು ಕರೆಂಟು ತೆಗೆಯುವ ಹೊತ್ತು ತಿಳಿದುಕೊಂಡು ಆಮೇಲೆ ಶುರು ಮಾಡಿ. ಹೋದಾಗ ಡಾಕಿನ ಸ್ವಿಚ್ಚು ಆಫ್ ಮಾಡಿಬಿಡಿ. ಕರೆಂಟು ಬಂದು ಐದು ನಿಮಿಷ ನಿಂತ ಮೇಲೆ ಆನ್ ಮಾಡಿ.

"ಈ ಡಿಸ್ಕನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕು" ಅಂತ ವಿಂಡೋಸ್ ಕೇಳುತ್ತಿದೆ.

ಕ್ಯಾನ್ಸಲ್ ಒತ್ತಿ. ವಿಂಡೋಸಿನಲ್ಲಿ ಡಿಸ್ಕುಗಳನ್ನು ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ "ಇನಿಶಿಯಲೈಸ್" ಅಂದರೂ ಕ್ಯಾನ್ಸಲ್. "ಸ್ಕ್ಯಾನ್ ಅಂಡ್ ಫಿಕ್ಸ್" ಅಂದರೂ ಬೇಡ. ಚೆಕ್‌ಡಿಸ್ಕ್ ಓಡಿಸಿ ಅಂತ ಸಲಹೆ ಕೊಡುವವರು ಇರುತ್ತಾರೆ. ಅದು ಡಿಸ್ಕಿನ ಮೇಲೆ ಬರೆಯುವ ಕೆಲಸ, ಫೈಲಿನ ಹೆಸರು, ಫೋಲ್ಡರು ಕಳಚಿ ಹೋಗಬಹುದು. ಹೊರಗೆ ಕಾಪಿ ಆಗುವ ತನಕ ಹಳೆ ಡಿಸ್ಕಿನ ಮೇಲೆ ಒಂದು ಅಕ್ಷರವೂ ಬರೆಯಬಾರದು.

ವಿಂಡೋಸ್ ಹೀಗೆ ಕೇಳುವುದಕ್ಕೆ ಕಾರಣ ಹಲವು. ಪಾರ್ಟಿಷನ್ನಿನ (ಸಿ, ಡಿ ಅಂತ ಡಿಸ್ಕಿನಲ್ಲಿ ಮಾಡಿದ ಭಾಗ) ಮೊದಲ ಸೆಕ್ಟರುಗಳು, ಅಂದರೆ ಡೇಟಾ ಬರೆಯುವ ಪುಟ್ಟ ತುಂಡುಗಳು, ಕೆಟ್ಟಿರಬಹುದು. ಡಿಸ್ಕು ಲಿನಕ್ಸಿನದೋ ಆಪಲ್ ಮ್ಯಾಕಿನದೋ ಆಗಿರಬಹುದು, ಅವುಗಳ ಫೈಲ್ ಸಿಸ್ಟಮ್ ವಿಂಡೋಸಿಗೆ ತಾನಾಗಿ ಓದಲು ಬರುವುದಿಲ್ಲ. 2 ಟಿಬಿ ಮೀರಿದ ಡಿಸ್ಕಾದರೆ ಇನ್ನೊಂದು ವಿಚಿತ್ರ: ಕೆಲವು ಹಳೆ ಯುಎಸ್‌ಬಿ ಡಬ್ಬಗಳು 512 ಬೈಟಿನ ಸೆಕ್ಟರನ್ನು 4096 ಅಂತ ತೋರಿಸುತ್ತಿದ್ದವು. ಅಂಥ ಡಬ್ಬದಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ಬಿಚ್ಚಿ ಬೇರೆ ಡಾಕಿಗೆ ಹಾಕಿದರೆ ಖಾಲಿಯಂತೆ ಕಾಣುತ್ತದೆ. ಹಳೆ ಡಬ್ಬಕ್ಕೇ ಮರಳಿ ಹಾಕಿದರೆ ಎಲ್ಲ ಇರುತ್ತದೆ.

ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕೆಪ್ಯಾಸಿಟಿ ಸರಿಯಾಗಿ ಬಂದಿದೆಯೇ ನೋಡಿ. ಸರಿ ಇದ್ದರೆ ಲಿನಕ್ಸಿನ ಒಂದು ಬಗೆಯಾದ ಉಬುಂಟು ಇರುವ ಪೆನ್ ಡ್ರೈವಿನಿಂದ ಬೂಟ್ ಮಾಡಿ ಪ್ರಯತ್ನಿಸಬಹುದು, ವಿಂಡೋಸ್ ಓದದ ಎಷ್ಟೋ ಪಾರ್ಟಿಷನ್ ಅದು ಓದುತ್ತದೆ. ಕೆಪ್ಯಾಸಿಟಿ ಸೊನ್ನೆ ಅಥವಾ ಅಸಂಬದ್ಧ ಸಂಖ್ಯೆ ಬಂದರೆ ಡಿಸ್ಕನ್ನು ನಡೆಸುವ ಒಳಗಿನ ಸಾಫ್ಟ್‌ವೇರಿಗೇ (ಫರ್ಮ್‌ವೇರ್) ಏಟು ಬಿದ್ದಿರಬಹುದು, ಮನೆಯಲ್ಲಿ ಆಗುವ ಕೆಲಸವಲ್ಲ.

ಡ್ರೈವ್ ಅಕ್ಷರವೇ ಬಂದಿಲ್ಲ, ಆದರೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಪಾರ್ಟಿಷನ್ ಕಾಣುತ್ತದೆ.

ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿ ಒಂದು ಅಕ್ಷರ ಕೊಡಿ. "ಆಫ್‌ಲೈನ್, ಸಿಗ್ನೇಚರ್ ಕೊಲಿಷನ್" ಅಂತಿದ್ದರೆ ಅದರ ಕ್ಲೋನ್ ಒಂದು ಅದೇ ಕಂಪ್ಯೂಟರಿನಲ್ಲಿದೆ ಅಂತ ಅರ್ಥ. ಒಂದನ್ನು ತೆಗೆದು ಇನ್ನೊಂದನ್ನು ಹಾಕಿ.

ಫೋಲ್ಡರು ಕಾಣುತ್ತದೆ, ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ.

ಹಳೆ ವಿಂಡೋಸಿನ ಬಳಕೆದಾರರ ಗುರುತು ಹೊಸದಕ್ಕೆ ಗೊತ್ತಿಲ್ಲ, ಅಷ್ಟೇ. "ಕಂಟಿನ್ಯೂ" ಒತ್ತಿದರೆ ತೆರೆಯುತ್ತದೆ, ಆದರೆ ಆಗ ಪ್ರತಿ ಫೈಲಿನ ಮೇಲೂ ಹೊಸ ಅನುಮತಿ ಬರೆಯುತ್ತದೆ. ಸಾವಿರಾರು ಫೈಲಿದ್ದರೆ ಡಿಸ್ಕು ಒದ್ದಾಡುತ್ತದೆ. ಕೆಳಗೆ ಹೇಳುವ ರೋಬೊಕಾಪಿಯ ಬ್ಯಾಕಪ್ ಮೋಡಿನಲ್ಲಿ ಏನೂ ಬರೆಯದೆ ಓದಬಹುದು. ಫೈಲಿನ ಹೆಸರು ಹಸಿರು ಬಣ್ಣದಲ್ಲಿದ್ದರೆ ಮಾತ್ರ ಅದು ಎನ್‌ಕ್ರಿಪ್ಟ್ ಆದದ್ದು. ಹಳೆ ಬಳಕೆದಾರರ ಸರ್ಟಿಫಿಕೇಟ್ ಇಲ್ಲದೆ ತೆರೆಯದು.

ಕಾಪಿ ಮಾಡುವುದು ಹೇಗೆ? ಎಳೆದು ಹಾಕಿದರೆ ನಡುವೆ ನಿಂತುಬಿಡುತ್ತದೆ.

ಎಳೆದು ಹಾಕುವುದು ಹತ್ತಾರು ಫೈಲಿಗೆ ಸರಿ. ಇಡೀ ಡಿಸ್ಕಿಗೆ ವಿಂಡೋಸಿನಲ್ಲೇ ಇರುವ ರೋಬೊಕಾಪಿ ವಾಸಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ರೋಬೊಕಾಪಿ, ಎಲ್ಲಿಂದ, ಎಲ್ಲಿಗೆ ಅಂತ ಕೊಟ್ಟು, ಇಂಗ್ಲಿಷ್ ಅಕ್ಷರದಲ್ಲಿ ಈ ಸ್ವಿಚ್ಚುಗಳನ್ನು ಸೇರಿಸಿ. ಸ್ಲ್ಯಾಶ್ ಇ, ಎಲ್ಲ ಒಳ ಫೋಲ್ಡರಿಗೆ. ಸ್ಲ್ಯಾಶ್ ಬಿ, ಅನುಮತಿಯ ಗೋಡೆ ದಾಟುವ ಬ್ಯಾಕಪ್ ಮೋಡಿಗೆ. ಸ್ಲ್ಯಾಶ್ ಎಕ್ಸ್‌ಜೆ, ಒಳಗೊಳಗೇ ಸುತ್ತುವ ಜಂಕ್ಷನ್ ಫೋಲ್ಡರು ಬಿಡಲು. ಸ್ಲ್ಯಾಶ್ ಆರ್ ಕೋಲನ್ 1 ಮತ್ತು ಸ್ಲ್ಯಾಶ್ ಡಬ್ಲ್ಯೂ ಕೋಲನ್ 1, ಕೊನೆಯ ಎರಡು ಬಹಳ ಮುಖ್ಯ. ಅವನ್ನು ಕೊಡದಿದ್ದರೆ ಓದಲಾಗದ ಒಂದೇ ಫೈಲಿಗೆ ರೋಬೊಕಾಪಿ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ! ಡಿಸ್ಕಿಗೆ ಅಷ್ಟು ಆಯಸ್ಸಿಲ್ಲ.

ನಡುವೆ ಕರೆಂಟು ಹೋಗಿ ನಿಂತರೆ ಅದೇ ಕಮಾಂಡ್ ಮತ್ತೆ ಕೊಡಿ. ಆಗಿರುವುದನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತದೆ.

500 ಜಿಬಿಗೆ ಎಷ್ಟು ಹೊತ್ತು ಬೇಕು?

ಡಿಸ್ಕು ಸೆಕೆಂಡಿಗೆ 80 ಎಂಬಿ ಕೊಟ್ಟರೆ ಒಂದೂಮುಕ್ಕಾಲು ಗಂಟೆ. ಅದೇ ಡಾಕನ್ನು ಯುಎಸ್‌ಬಿ 2 ಪೋರ್ಟಿಗೆ ಹಾಕಿದರೆ ವೇಗ 30ರ ಆಸುಪಾಸಿಗೆ ಇಳಿದು ನಾಲ್ಕೂವರೆ ಗಂಟೆ ದಾಟುತ್ತದೆ. ಹಳೆ ಐಡಿಇ 160 ಜಿಬಿಗೆ ಒಂದು ಗಂಟೆ ಹಿಡಿಯಿರಿ. ಸಣ್ಣ ಸಣ್ಣ ಫೈಲು ಲಕ್ಷಗಟ್ಟಲೆ ಇದ್ದರೆ ಈ ಲೆಕ್ಕ ನಡೆಯದು, ಎರಡು ಮೂರು ಪಟ್ಟು ಆಗಬಹುದು.

ಯಾವುದನ್ನು ಮೊದಲು ಕಾಪಿ ಮಾಡಲಿ?

ಮತ್ತೆ ಎಲ್ಲೂ ಸಿಗದ, ಗಾತ್ರದಲ್ಲಿ ಚಿಕ್ಕದಾದ ಫೈಲು ಮೊದಲು. ಸಿನಿಮಾ, ಹಾಡು, ಸೆಟಪ್ ಫೈಲು ಕೊನೆಗೆ, ಅಥವಾ ಬೇಡವೇ ಬೇಡ.

ಎಕ್ಸ್‌ಪಿ ಕಾಲದ ಡಿಸ್ಕಾದರೆ ಡೆಸ್ಕ್‌ಟಾಪ್, ಮೈ ಡಾಕ್ಯುಮೆಂಟ್ಸ್ ಎರಡೂ ಸಿ ಡ್ರೈವಿನ "ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್" ಒಳಗೆ ಬಳಕೆದಾರರ ಹೆಸರಿನಲ್ಲಿರುತ್ತವೆ. ವಿಂಡೋಸ್ ವಿಸ್ಟಾದಿಂದ ಈಚೆಗೆ "ಯೂಸರ್ಸ್" ಒಳಗೆ.

ಅಂಗಡಿ, ಮಿಲ್ಲಿನ ಲೆಕ್ಕ ಟ್ಯಾಲಿಯಲ್ಲಿದ್ದರೆ ಟ್ಯಾಲಿ ಫೋಲ್ಡರಿನೊಳಗಿನ ಡೇಟಾ ಫೋಲ್ಡರು ಬೇಕು, ಅದರಲ್ಲಿ ಪ್ರತಿ ಕಂಪನಿಗೆ ಒಂದು ಸಂಖ್ಯೆಯ ಫೋಲ್ಡರು. ಒಂದೆರಡು ಫೈಲು ಆರಿಸಬೇಡಿ, ಇಡೀ ಡೇಟಾ ಫೋಲ್ಡರು ತೆಗೆಯಿರಿ. ಕೆಲವರು ಡಿ ಡ್ರೈವಿನಲ್ಲಿ ಇಟ್ಟಿರುತ್ತಾರೆ, ಅಲ್ಲೂ ಹುಡುಕಿ. ಟ್ಯಾಲಿ 7.2ರಂಥ ಹಳೆ ಆವೃತ್ತಿಯ ಲೆಕ್ಕ ಈಗಿನ ಟ್ಯಾಲಿಪ್ರೈಮಿನಲ್ಲಿ ನೇರ ತೆರೆಯುವುದಿಲ್ಲ, ಮೈಗ್ರೇಷನ್ ಮಾಡಬೇಕು. ಅದನ್ನು ಕಾಪಿಯ ಕಾಪಿಯ ಮೇಲೆ ಮಾಡಿ.

ಪ್ರೆಸ್ಸಿನವರಿಗೆ ಒಂದು ಕಿವಿಮಾತು: ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪಿಸಿದ ಫೈಲು ಮಾತ್ರ ತಂದರೆ ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಫೈಲು ಕೆಟ್ಟಿಲ್ಲ, ಅಕ್ಷರದ ಫಾಂಟು ಹಿಂದೆಯೇ ಉಳಿದಿದೆ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿ, ಬೇಕಾದ ಫಾಂಟನ್ನು ಇನ್‌ಸ್ಟಾಲ್ ಮಾಡಿ, ಆಮೇಲೆ ಕನ್ವರ್ಟರಿನಿಂದ ಯೂನಿಕೋಡಿಗೆ ತನ್ನಿ. ಪೇಜ್‌ಮೇಕರ್ ಫೈಲು ತೆರೆಯಲು ಪೇಜ್‌ಮೇಕರೇ ಬೇಕು, ಇಲ್ಲವೇ ಇನ್‌ಡಿಸೈನಿನ ಹಳೆ ಆವೃತ್ತಿ.

ಮದುವೆ ವಿಡಿಯೋ ಇರುವ ಸ್ಟುಡಿಯೋದವರು ಜಾಗದ ಲೆಕ್ಕ ಮೊದಲೇ ಹಾಕಿ. ಡಿವಿ ಕ್ಯಾಸೆಟ್ಟಿನಿಂದ ಕ್ಯಾಪ್ಚರ್ ಮಾಡಿದ ಎವಿಐ ಒಂದು ಗಂಟೆಗೆ ಸುಮಾರು 13 ಜಿಬಿ. ಕಾಪಿ ಹೋಗುವ ಕಡೆ ಫ್ಯಾಟ್ 32 ಇದ್ದರೆ 4 ಜಿಬಿ ಮೀರಿದ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ. ಬಳ್ಳಾರಿಯ ಜೀನ್ಸ್ ಘಟಕಗಳ ಎಂಬ್ರಾಯ್ಡರಿ ಡಿಸೈನುಗಳು ಇದಕ್ಕೆ ವಿರುದ್ಧ, ಕೆಲವೇ ಕೆಬಿಯ ಡಿಎಸ್‌ಟಿ ಫೈಲುಗಳು, ಸಾವಿರ ಇದ್ದರೂ ಒಂದು ಪೆನ್ ಡ್ರೈವಿಗೆ ಸಾಕು.

ಡಿಸ್ಕು ಟಕ್ ಟಕ್ ಅನ್ನುತ್ತಿದೆ.

ಆಫ್ ಮಾಡಿ, ಈಗಲೇ. ಅಡಾಪ್ಟರ್ ಸರಿಯಾದದ್ದೇ ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ. ಅದು ಸರಿ ಇದ್ದೂ ಸದ್ದು ಒಂದೇ ಲಯದಲ್ಲಿ ಬರುತ್ತಿದ್ದರೆ ಹೆಡ್ಡು ತನ್ನ ಜಾಗ ಹುಡುಕಲಾಗದೆ ಒದ್ದಾಡುತ್ತಿದೆ. ಓಡಿದಷ್ಟೂ ತಟ್ಟೆ ಗೀಚುತ್ತದೆ. ತಿರುಗದೆ ಬರೀ ಬೀಪ್ ಬೀಪ್ ಅಥವಾ ಜೀ ಅನ್ನುತ್ತಿದ್ದರೆ ಮೋಟಾರೋ ಹೆಡ್ಡೋ ಅಂಟಿಕೊಂಡಿದೆ. ಫ್ರಿಜ್ಜಿನಲ್ಲಿಡಿ, ಮೇಜಿಗೆ ಕುಟ್ಟಿ ಅನ್ನುವ ಸಲಹೆಗಳನ್ನು ಮರೆತುಬಿಡಿ. ಫ್ರಿಜ್ಜಿನಿಂದ ನಮ್ಮ ಸೆಕೆಗೆ ತೆಗೆದರೆ ತಟ್ಟೆಯ ಮೇಲೆ ನೀರು ಕೂರುತ್ತದೆ.

ಅದೇ ಮಾಡೆಲಿನ ಬೇರೆ ಡಿಸ್ಕಿನ ಬೋರ್ಡು ತಂದು ಹಾಕಿದರೆ? ಹೆಚ್ಚಿನ ಡಿಸ್ಕುಗಳಲ್ಲಿ ಆಗದು. ಪ್ರತಿ ಡಿಸ್ಕಿನ ಹೊಂದಾಣಿಕೆಯ ವಿವರ ಬೋರ್ಡಿನ ಒಂದು ಚಿಪ್ಪಿನಲ್ಲಿರುತ್ತದೆ, ಅದನ್ನೂ ಕಿತ್ತು ಹೊಸ ಬೋರ್ಡಿಗೆ ಬೆಸುಗೆ ಹಾಕಬೇಕು.

ಡೇಟಾ ಬೆಲೆಬಾಳುವುದಾದರೆ ದೂಳಿಲ್ಲದ ಕೋಣೆ ಇರುವ ರಿಕವರಿ ಲ್ಯಾಬಿಗೆ ಕೊಡಬೇಕು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಬಳ್ಳಾರಿಯವರು ಬೆಂಗಳೂರಿಗೆ ಹೋಗುವುದು ವಾಡಿಕೆ. ಆಂಟಿಸ್ಟ್ಯಾಟಿಕ್ ಚೀಲ, ಸುತ್ತ ಎರಡು ಇಂಚು ಬಬಲ್ ಸುತ್ತಿ, ಕೈಯಲ್ಲೇ ಹಿಡಿದು ಒಯ್ಯಿರಿ, ಬಸ್ಸಿನ ಡಿಕ್ಕಿಗೆ ಹಾಕಬೇಡಿ. ಅಲ್ಲಿಗೆ ಹೋಗುವ ಮುಂಚೆ ಲೋಕಲ್ಲಿನಲ್ಲಿ ಮುಚ್ಚಳ ತೆಗೆಸಿದ್ದರೆ ಲ್ಯಾಬಿನವರಿಗೂ ಕೆಲಸ ಕಷ್ಟ.

ಸದ್ದಿಲ್ಲ, ಆದರೆ ಕೆಲವು ಕಡೆ ಓದಲು ಬಹಳ ನಿಧಾನ.

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಸಾಫ್ಟ್‌ವೇರ್ ತೆರೆದು 05, ಸಿ5, ಸಿ6 ಸಾಲು ನೋಡಿ. ಸಿ5ರಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ಓದಲಾಗದ ಸೆಕ್ಟರುಗಳಿವೆ. ಸಿ7 ಮಾತ್ರ ಏರಿದ್ದರೆ ಡಿಸ್ಕಿನ ತಪ್ಪಲ್ಲದಿರಬಹುದು, ಕೇಬಲ್, ಕನೆಕ್ಟರ್ ನೋಡಿ.

ಕೆಟ್ಟ ಸೆಕ್ಟರು ಇದ್ದರೆ ಫೈಲು ಕಾಪಿ ಬಿಟ್ಟು ಲಿನಕ್ಸಿನ ಡಿಡಿರೆಸ್ಕ್ಯೂ ಬಳಸಿ. ಅದು ಮೊದಲು ಸುಲಭವಾಗಿ ಬರುವ ಭಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗವನ್ನು ಮ್ಯಾಪ್ ಫೈಲಿನಲ್ಲಿ ಗುರುತಿಟ್ಟು, ಕೊನೆಗೆ ಅಲ್ಲಿಗೆ ಮರಳುತ್ತದೆ. ಮ್ಯಾಪ್ ಫೈಲಿದ್ದರೆ ಇವತ್ತು ನಿಲ್ಲಿಸಿ ನಾಳೆ ಮುಂದುವರಿಸಬಹುದು. ಮೂಲ ಯಾವುದು, ಗುರಿ ಯಾವುದು ಅಂತ ಎರಡು ಸಲ ಓದಿ ಎಂಟರ್ ಒತ್ತಿ. ಬಂದ ಇಮೇಜಿನ (ಇಡೀ ಡಿಸ್ಕಿನ ನಕಲು) ಮೇಲೆ ಕಳೆದ ಫೈಲು ಹುಡುಕುವ ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಷ್ಟು ಬೇಕಾದರೂ ಓಡಿಸಿ.

ಡಾಕಿನ ಕ್ಲೋನ್ ಬಟನ್ ಒತ್ತಿದರೆ ಮುಗಿಯಿತಲ್ಲ?

ಆರೋಗ್ಯವಾಗಿರುವ ಡಿಸ್ಕಿಗೆ, ಹೌದು. ಗುರಿ ಡಿಸ್ಕು ಮೂಲದಷ್ಟೇ ಅಥವಾ ಹೆಚ್ಚು ಗಾತ್ರದ್ದಿರಬೇಕು, ಯುಎಸ್‌ಬಿ ಕೇಬಲ್ ತೆಗೆದಿರಬೇಕು. ಸೋರ್ಸ್, ಟಾರ್ಗೆಟ್ ಸ್ಲಾಟು ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕಾಪಿಯಾಗುತ್ತದೆ, ಆ ಬಟನ್ನಿಗೆ "ಖಚಿತವೇ?" ಅಂತ ಕೇಳುವ ಬಾಯಿ ಇಲ್ಲ. ಕೆಟ್ಟ ಸೆಕ್ಟರು ಬಂದರೆ ಹೆಚ್ಚಿನ ಡಾಕುಗಳು ಅಲ್ಲೇ ನಿಂತುಬಿಡುತ್ತವೆ. ಅನುಮಾನವಿರುವ ಹಳೆ ಡಿಸ್ಕಿಗೆ ಈ ಬಟನ್ ಮುಟ್ಟದಿರುವುದೇ ಒಳ್ಳೆಯದು.

ಬೇಸಿಗೆಯಲ್ಲಿ ಡಿಸ್ಕು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ.

ರಾಯಚೂರಿನ ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಆದರೆ ಡಿಸ್ಕು 55 ದಾಟುವುದು ಕಷ್ಟವೇನಲ್ಲ. ಸಾಮಾನ್ಯ ಹಾರ್ಡ್ ಡಿಸ್ಕಿನ ಮಿತಿ 60 ಡಿಗ್ರಿ. ಹಳೆಯದನ್ನು 50ರ ಒಳಗೇ ಇಡಿ. ಕ್ಯಾಬಿನೆಟ್ಟಿನಲ್ಲಿದ್ದಾಗ ಫ್ಯಾನಿನ ಗಾಳಿ ತಾಗುತ್ತಿತ್ತು, ಡಾಕಿನಲ್ಲಿ ಅದಿಲ್ಲ. ಟೇಬಲ್ ಫ್ಯಾನನ್ನು ಡಿಸ್ಕಿನ ಕಡೆ ತಿರುಗಿಸಿಟ್ಟರೆ ಗಣನೀಯವಾಗಿ ಇಳಿಯುತ್ತದೆ, ಫ್ಯಾನು ಮಾತ್ರ ಬೇರೆ ಮೇಜಿನ ಮೇಲಿರಲಿ, ಅದರ ನಡುಕ ಡಾಕಿಗೆ ತಾಗದಂತೆ. ದೊಡ್ಡ ಡಿಸ್ಕಾದರೆ ಬೆಳಗಿನ ಜಾವ ಶುರು ಮಾಡಿ.

ಸಿಸಿಟಿವಿ ರೆಕಾರ್ಡ್ ಮಾಡುವ ಡಿವಿಆರ್‌ನಿಂದ ಬಿಚ್ಚಿದ ಡಿಸ್ಕು ಖಾಲಿ ಅಂತ ತೋರಿಸುತ್ತಿದೆ. ರೆಕಾರ್ಡಿಂಗ್ ಹೋಯಿತೇ?

ಬಹುಶಃ ಇಲ್ಲ. ಬಹಳಷ್ಟು ಡಿವಿಆರ್‌ಗಳು ತಮ್ಮದೇ ಫೈಲ್ ಸಿಸ್ಟಮಿನಲ್ಲಿ ಬರೆಯುತ್ತವೆ, ವಿಂಡೋಸಿಗೆ ಅದು ಅರ್ಥವಾಗುವುದಿಲ್ಲ. ಅದೇ ಕಂಪನಿಯ ಡಿವಿಆರ್‌ಗೆ ಮರಳಿ ಹಾಕಿ ಅದರಿಂದಲೇ ಎಕ್ಸ್‌ಪೋರ್ಟ್ ಮಾಡುವುದು ನೇರ ದಾರಿ. ಹಾಕುವಾಗ ಅದೂ ಫಾರ್ಮ್ಯಾಟ್ ಕೇಳಿದರೆ ಒಪ್ಪಬೇಡಿ, ರೆಕಾರ್ಡಿಂಗ್ ಆಫ್ ಮಾಡಿಡಿ. ಇಲ್ಲವಾದರೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ.

ಸರ್ವರಿನ ಡಿಸ್ಕು ಡಾಕಿಗೆ ಕೂರುತ್ತಿಲ್ಲ.

ಅದು ಬಹುಶಃ ಸ್ಯಾಸ್ ಡಿಸ್ಕು, ಸರ್ವರುಗಳಲ್ಲಿ ಬಳಸುವ ಬಗೆ. ಸಾಟಾದಲ್ಲಿ ಎರಡು ನಾಲಿಗೆಗಳ ನಡುವೆ ಖಾಲಿ ಇರುವ ಜಾಗ ಇದರಲ್ಲಿ ತುಂಬಿರುತ್ತದೆ. ಬಲವಂತ ಬೇಡ, ಸ್ಯಾಸ್ ಕಾರ್ಡು ಬೇಕು. ಹಲವು ಡಿಸ್ಕು ಸೇರಿಸಿ ಒಂದಾಗಿ ಬಳಸುವ ರೇಡಿನಲ್ಲಿದ್ದ ಡಿಸ್ಕಾದರೆ ಒಂದನ್ನು ಮಾತ್ರ ಓದಿ ಪ್ರಯೋಜನವಾಗದಿರಬಹುದು.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನ ಪೋರ್ಟು ಮುರಿದಿದೆ. ಡಬ್ಬ ಬಿಚ್ಚಿ ಡಾಕಿಗೆ ಹಾಕಬಹುದೇ?

ಒಳಗೆ ಸಾಟಾ ಇದ್ದರೆ ಹಾಕಬಹುದು. ಕೆಲವು ಚಿಕ್ಕ ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಪೋರ್ಟೇ ಡಿಸ್ಕಿನ ಬೋರ್ಡಿನ ಮೇಲಿರುತ್ತದೆ, ಸಾಟಾ ಇರುವುದೇ ಇಲ್ಲ. ಇನ್ನು ಕೆಲವು ಡಬ್ಬದ ಚಿಪ್ಪೇ ಎನ್‌ಕ್ರಿಪ್ಟ್ ಮಾಡಿ ಬರೆದಿರುತ್ತದೆ. ಎರಡೂ ಸಂದರ್ಭದಲ್ಲಿ ಪೋರ್ಟು ಬೆಸುಗೆ ಹಾಕಿಸುವುದೇ ಸರಿ.

ಎಕ್ಸ್‌ಪಿ ಡಿಸ್ಕನ್ನು ಡಾಕಿನಿಂದಲೇ ಬೂಟ್ ಮಾಡಬಹುದೇ?

ಇಲ್ಲ. ಅದರಲ್ಲಿದ್ದ ಸಾಫ್ಟ್‌ವೇರುಗಳೂ ಹೊಸದರಲ್ಲಿ ಹಾಗೇ ಓಡುವುದಿಲ್ಲ. ಸಿಗುವುದು ಫೈಲು ಮಾತ್ರ.

ಹಳೆ ಡಿಸ್ಕಿನಲ್ಲಿ ವೈರಸ್ ಇದ್ದರೆ?

ಇದ್ದೇ ಇರುತ್ತದೆ ಅಂದುಕೊಳ್ಳಿ, ಸೈಬರ್ ಕೆಫೆ ಕಾಲದ ಡಿಸ್ಕಾದರೆ ಇನ್ನೂ. ಫೋಲ್ಡರಿನ ಚಿತ್ರವಿದ್ದು ಹೆಸರಿನ ಕೊನೆಗೆ ಇಎಕ್ಸ್‌ಇ ಇರುವುದು, ಫೋಲ್ಡರಿನ ಬದಲು ಬರೀ ಶಾರ್ಟ್‌ಕಟ್ ಕಾಣುವುದು, ಇವೆಲ್ಲ ಗುರುತು. ನಿಜವಾದ ಫೋಲ್ಡರು ಹಿಡನ್ ಆಗಿರುತ್ತದೆ, ಅಳಿದಿರುವುದಿಲ್ಲ. ಯಾವುದನ್ನೂ ಡಬಲ್ ಕ್ಲಿಕ್ ಮಾಡದೆ ಕಾಪಿ ಮಾಡಿ, ಕಾಪಿಯನ್ನು ಸ್ಕ್ಯಾನ್ ಮಾಡಿ.

ಎಲ್ಲ ಆಯಿತು. ಡಿಸ್ಕನ್ನು ಗುಜರಿಗೆ ಹಾಕಲೇ?

ಕಾಪಿ ಮಾಡಿದ ಫೈಲುಗಳಲ್ಲಿ ಬೇರೆ ಬೇರೆ ಫೋಲ್ಡರಿನ ಹತ್ತಿಪ್ಪತ್ತನ್ನು ತೆರೆದು ನೋಡಿ, ಇನ್ನೊಂದು ಕಡೆ ಎರಡನೇ ಕಾಪಿ ಮಾಡಿ, ಕೆಲವು ತಿಂಗಳು ಹಾಗೇ ಇಟ್ಟುಕೊಳ್ಳಿ. ಡಾಕಿನಿಂದ ತೆಗೆಯುವಾಗ "ಸೇಫ್ಲಿ ರಿಮೂವ್" ಕೊಟ್ಟು, ಸ್ವಿಚ್ಚು ಆಫ್ ಮಾಡಿ, ತಟ್ಟೆ ನಿಲ್ಲಲು ಅರ್ಧ ನಿಮಿಷ ಬಿಡಿ.

ಕೊಡುವ ಮುಂಚೆ ಅಳಿಸಬೇಕು. ಕ್ವಿಕ್ ಫಾರ್ಮ್ಯಾಟ್ ಏನನ್ನೂ ಅಳಿಸುವುದಿಲ್ಲ. ಈಗಿನ ವಿಂಡೋಸಿನಲ್ಲಿ ಆ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಟ್ಟರೆ ಪಾರ್ಟಿಷನ್ನಿನ ತುಂಬ ಸೊನ್ನೆ ಬರೆಯುತ್ತದೆ, ಪ್ರತಿ ಪಾರ್ಟಿಷನ್ನಿಗೂ ಬೇರೆ ಬೇರೆಯಾಗಿ ಮಾಡಿ. ತಿರುಗದ ಡಿಸ್ಕಾದರೆ ತಟ್ಟೆ ಇರುವ ಕಡೆ ಮೂರು ನಾಲ್ಕು ತೂತು ಕೊರೆದು, ಗುಜರಿಯ ಬದಲು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಗಾಜಿನದಾಗಿರಬಹುದು, ಕೊರೆದಾಗ ಚೂರುಚೂರಾಗಿ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಡಿಸ್ಕಿನ ಮೇಲೆ ದಪ್ಪ ಬಟ್ಟೆ ಹಾಕಿ ಕೊರೆಯಿರಿ.